ಸಾಧನೆಯ ಹೊತ್ತು

ಕನ್ನಡದಲ್ಲಿ ‘ಸಾಧನೆ’ ಎಂಬ ಮಾತು ಇಂದು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದ್ದು, ಅವುಗಳಲ್ಲಿ ಒಂದು ಇನ್ನೊಂದನ್ನು ಬಹುಮಟ್ಟಿಗೆ ಮರೆಸಿಬಿಟ್ಟಿದೆ. ಸನ್ಮಾನ ಪತ್ರಗಳಲ್ಲಿ, ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಗಳಲ್ಲಿ, ಮಹಿಳಾ ದಿನಾಚರಣೆಯ ಭಾಷಣಗಳಲ್ಲಿ ಸಾಧನೆ ಎಂದರೆ ಒಬ್ಬರು ಮುಟ್ಟಿದ ಎತ್ತರ, ಪಡೆದ ಬಿರುದು, ಬರೆದ ಪುಸ್ತಕಗಳ ಸಂಖ್ಯೆ. ಸಂಗೀತಗಾರರ ಮನೆಗಳಲ್ಲಿ ಮಾತ್ರ ‘ಸಾಧನೆ ಆಯಿತೇ?’ ಎಂದು ಯಾರಾದರೂ ಕೇಳಿದರೆ, ಈ ಹೊತ್ತಿನ ಅಭ್ಯಾಸ ಮುಗಿಯಿತೇ ಎಂಬುದಷ್ಟೇ ಅದರ ಅರ್ಥ. ಹಿಂದುಸ್ತಾನಿ ಗಾಯಕರು ರಿಯಾಜು ಎಂದೂ ಕರ್ನಾಟಕ ಸಂಗೀತದವರು ಸಾಧಕ ಎಂದೂ ಕರೆಯುವ ಈ ದಿನನಿತ್ಯದ ದುಡಿಮೆಗೆ ಪ್ರಶಸ್ತಿ ಪತ್ರದಲ್ಲಿ ಜಾಗವಿರುವುದಿಲ್ಲ. ಏಕೆಂದರೆ ಅದು ಎಂದೂ ಮುಗಿಯುವುದಿಲ್ಲ, ಮುಗಿಯದ್ದನ್ನು ಎಣಿಸುವುದೂ ಸಾಧ್ಯವಿಲ್ಲ.

ಕಲೆಯಲ್ಲಿ ಹೆಸರು ಮಾಡಿದ ಹೆಂಗಸರ ಬಗೆಗೆ ಮಾತನಾಡುವಾಗ ಈ ಮರೆವು ಇನ್ನೂ ಹೆಚ್ಚು. ‘ಮನೆಯನ್ನೂ ಕಲೆಯನ್ನೂ ಸರಿತೂಗಿಸಿಕೊಂಡು ಹೋದರು’ ಎಂಬ ಒಂದು ಸಿದ್ಧವಾಕ್ಯ ಅವರೆಲ್ಲರಿಗೂ ಸಮನಾಗಿ ಸಲ್ಲುವಂತಿದೆ. ಶಿಸ್ತು ಎಂಬುದು ಅವರಿಗೆ ಹುಟ್ಟಿನೊಡನೆ ಬಂದ ಗುಣ, ಬೆಂಕಿಗೆ ಬಿಸಿ ಇದ್ದ ಹಾಗೆ, ಎಂಬ ಭಾವನೆ ಈ ವಾಕ್ಯದ ಬೆನ್ನಿಗಿದೆ. ಆದರೆ ಒಬ್ಬ ಗಾಯಕಿಯ, ಒಬ್ಬ ನರ್ತಕಿಯ ಅಥವಾ ಲೇಖಕಿಯ ದಿನಚರಿಯನ್ನು ಗಂಟೆಗಂಟೆಯಾಗಿ ಬಿಡಿಸಿ ನೋಡಿದರೆ ಕಾಣುವುದು ಗುಣಕ್ಕಿಂತ ಹೆಚ್ಚಾಗಿ ಒಂದು ಏರ್ಪಾಡು. ಒಲೆಯ ಮುಂದೆ ಆ ಹೊತ್ತಿಗೆ ಯಾರಿದ್ದರು, ಮಗುವನ್ನು ಯಾರು ಎತ್ತಿಕೊಂಡಿದ್ದರು, ಗುರುವಿನ ಮನೆಗೆ ಹೋಗುವ ದಾರಿ ಯಾವುದು, ಆ ದಾರಿಯಲ್ಲಿ ಹಿಂದಿರುಗಿ ಬರುವಾಗ ಕತ್ತಲಾಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗಲೇ ಸಾಧನೆಯ ನಿಜವಾದ ಬೆಲೆ ತಿಳಿಯುತ್ತದೆ. ಈ ಉಪನ್ಯಾಸವು ಅಂಥ ಏರ್ಪಾಡುಗಳನ್ನು ಕುರಿತದ್ದು. ಇದರ ಹೆಚ್ಚಿನ ಭಾಗ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರಿಗೆ ಮೀಸಲಾಗಿದ್ದು, ಉಳಿದವರು ಹೋಲಿಕೆಗಾಗಿ ಬಂದುಹೋಗುತ್ತಾರೆ.

ಗಂಗೂಬಾಯಿ (1913–2009) ಹುಟ್ಟಿದ್ದು ಧಾರವಾಡದಲ್ಲಿ, ಹಾಡುವ ಹೆಂಗಸರ ಮನೆತನವೊಂದರಲ್ಲಿ. ಹಾಡುವ ಹೆಂಗಸರಿಗೆ ಆ ಕಾಲದ ಊರು ಕೊಡುತ್ತಿದ್ದ ಸ್ಥಾನ ವಿಚಿತ್ರವಾದದ್ದು: ಹಾಡು ಬೇಕು, ಹಾಡುವವಳು ಓಣಿಯಲ್ಲಿ ನಡೆದುಹೋದರೆ ‘ಗಾನೇವಾಲಿ’ ಎಂಬ ಮೂದಲೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಅವರ ಹಾಡಿಕೆಯನ್ನು ಕೇಳಲು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರೇ ಮನೆಗೆ ಬರುತ್ತಿದ್ದರು. ಘರಾಣೆ ಎಂದರೆ ಒಂದು ಮನೆತನದಲ್ಲೋ ಗುರುಪರಂಪರೆಯಲ್ಲೋ ಬೆಳೆದು ಬಂದ ಹಾಡಿಕೆಯ ರೀತಿ. ಕಿರಾಣಾ ಘರಾಣೆಯ ರೀತಿಯಲ್ಲಿ ರಾಗವನ್ನು ಒಂದೊಂದೇ ಸ್ವರವಾಗಿ, ಆತುರವಿಲ್ಲದೆ ಬೆಳೆಸುತ್ತ ಹೋಗುವ ಬಢತ್‌ಗೆ, ಅಂದರೆ ವಿಸ್ತಾರಕ್ಕೆ, ಮೊದಲ ಮಣೆ. ಮಗಳ ಒಲವು ಹಿಂದುಸ್ತಾನಿ ಸಂಗೀತದ ಕಡೆಗಿದೆ ಎಂಬುದು ಖಚಿತವಾದಾಗ ಅಂಬಾಬಾಯಿ ಮಾಡಿದ ಕೆಲಸ ಸಂಗೀತದ ಚರಿತ್ರೆಯಲ್ಲಿ ಹೆಚ್ಚು ಚರ್ಚೆಯಾಗಿಲ್ಲ. ಎರಡು ಪದ್ಧತಿಗಳ ಗಮಕಗಳು ಮಗಳ ಕಿವಿಯಲ್ಲಿ ಕಲಸುಮೇಲೋಗರವಾಗಬಾರದೆಂದು ಅವರು ತಮ್ಮ ಕರ್ನಾಟಕ ಸಂಗೀತದ ಹಾಡಿಕೆಯನ್ನೇ ಕೈಬಿಟ್ಟರು. 1928ರ ಹೊತ್ತಿಗೆ ಮಗಳ ಪಾಠದ ಸಲುವಾಗಿಯೇ ಸಂಸಾರ ಹುಬ್ಬಳ್ಳಿಗೆ ಬಂದಿತು. 1932ರಲ್ಲಿ ಅಂಬಾಬಾಯಿ ತೀರಿಕೊಂಡರು.

ಒಬ್ಬ ಕಲಾವಿದೆಯ ಶಿಸ್ತು ಇನ್ನೊಬ್ಬ ಕಲಾವಿದೆಯ ಮೌನದ ಮೇಲೆ ನಿಂತಿತೆಂಬುದನ್ನು ತ್ಯಾಗ ಎಂಬ ಒಂದು ಶಬ್ದದಲ್ಲಿ ಮುಗಿಸಿಬಿಡುವುದು ಸುಲಭ. ಆದರೆ ಅಂಬಾಬಾಯಿಯವರ ನಿರ್ಧಾರದಲ್ಲಿ ತಾಯ್ತನದಷ್ಟೇ ವೃತ್ತಿಯ ತಿಳಿವಳಿಕೆಯೂ ಇದೆ. ಬೆಳೆಯುವ ಕಿವಿಗೆ ಯಾವುದು ಬೀಳಬೇಕು, ಯಾವುದು ಬೀಳಬಾರದು ಎಂಬುದನ್ನು ಅರಿಯಲು ಸ್ವತಃ ಪಳಗಿದ ಕಿವಿಯೇ ಬೇಕು. ಇದು ಒಬ್ಬ ವಿದುಷಿ ತೆಗೆದುಕೊಂಡ ತೀರ್ಮಾನ.

ಗಂಗೂಬಾಯಿಯವರ ಮೊದಲ ವ್ಯವಸ್ಥಿತ ಪಾಠ ಕೃಷ್ಣಾಚಾರ್ಯರ ಬಳಿ ನಡೆಯಿತು, ದತ್ತೋಪಂತ ದೇಸಾಯಿಯವರಿಂದಲೂ ಕಲಿತರು. ಅವರ ಹಾಡಿಕೆಗೆ ಕೊನೆಯ ರೂಪ ಕೊಟ್ಟವರು ಮಾತ್ರ ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ (1886–1952). ಅಬ್ದುಲ್ ಕರೀಂ ಖಾನರ ಶಿಷ್ಯರಾದ ಅವರು ಮರಾಠಿ ಸಂಗೀತ ನಾಟಕಗಳ ಹೆಸರಾಂತ ನಟರೂ ಆಗಿದ್ದು, ಕಂಪನಿಯೊಡನೆ ಊರೂರು ತಿರುಗುತ್ತಿದ್ದ ಕಾರಣ ವರ್ಷಗಳ ಕಾಲ ಪಾಠ ಬಿಟ್ಟು ಬಿಟ್ಟು ನಡೆಯಿತು. 1930ರ ದಶಕದ ಕೊನೆಯಲ್ಲಿ ಅವರು ಕುಂದಗೋಳದಲ್ಲಿ ನೆಲೆನಿಂತ ಮೇಲೆಯೇ ಅದಕ್ಕೊಂದು ಕ್ರಮ ಬಂದದ್ದು. ಕುಂದಗೋಳ ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಊರು. ಆಗ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹೋಗಿ ಬರಲು ಇದ್ದದ್ದು ರೈಲುಗಾಡಿ.

ಈ ರೈಲಿನ ಸಂಗತಿಯನ್ನು ಗಂಗೂಬಾಯಿಯವರ ಬಗೆಗೆ ಬರೆದವರೆಲ್ಲರೂ ಪ್ರಸ್ತಾಪಿಸಿದ್ದಾರೆ, ಆದರೆ ಬಹುಮಂದಿ ಅದನ್ನು ನಿಷ್ಠೆಯ ದೃಷ್ಟಾಂತವಾಗಿ ಹೇಳಿ ಮುಂದೆ ಸಾಗುತ್ತಾರೆ. ಅಲ್ಲಿ ತುಸು ನಿಲ್ಲುವುದು ಒಳ್ಳೆಯದು. ಆ ವೇಳೆಗೆ ಅವರು ಮೂರು ಮಕ್ಕಳ ತಾಯಿ. ಮನೆಯ ಖರ್ಚಿನ ಹೊರೆಯೂ ಬಹುಪಾಲು ಅವರ ಕಛೇರಿಗಳ ಸಂಭಾವನೆಯ ಮೇಲೆಯೇ ಬಿದ್ದಿತ್ತು. ರೈಲು ಯಾರಿಗಾಗಿಯೂ ಕಾಯುವುದಿಲ್ಲ. ಮಗುವಿಗೆ ಜ್ವರ ಬಂದರೂ, ಮನೆಗೆ ನೆಂಟರು ಬಂದರೂ ಗಾಡಿ ಹೊರಡುವ ಹೊತ್ತಿಗೆ ಹೊರಡುತ್ತದೆ. ಆದ್ದರಿಂದ ಪಾಠದ ದಿನ ಮನೆಯ ಕೆಲಸವೆಲ್ಲ ಗಾಡಿಯ ಹೊತ್ತಿಗೆ ಹೊಂದಿಕೊಳ್ಳಬೇಕಾಗಿತ್ತು. ಅಭ್ಯಾಸಕ್ಕೆಂದು ಬಿಡುವು ಮಾಡಿಕೊಳ್ಳುವ ಹಕ್ಕು ಹೆಂಗಸಿಗೆ ಇಲ್ಲದಿದ್ದ ಒಂದು ಸಮಾಜದಲ್ಲಿ, ರೈಲಿನ ವೇಳಾಪಟ್ಟಿಯು ಆ ಹಕ್ಕನ್ನು ತಾನೇ ತಾನಾಗಿ ಒದಗಿಸಿತೆಂದು ಹೇಳಿದರೆ ಅತಿಶಯವಾಗಲಾರದು: ‘ಹಾಡಲು ಕೂರುತ್ತೇನೆ’ ಎಂದವಳನ್ನು ಯಾರಾದರೂ ಕರೆದು ಎಬ್ಬಿಸಬಹುದು, ‘ಗಾಡಿಗೆ ಹೊತ್ತಾಯಿತು’ ಎಂದವಳನ್ನು ತಡೆಯುವುದು ಅಷ್ಟು ಸಲೀಸಲ್ಲ. ಪಾಠ ಮುಗಿದು ಕತ್ತಲಾದಾಗ, ಗುರುವಿನ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ನಿಲ್ದಾಣದವರೆಗೆ ಮುಟ್ಟಿಸಿ ಬರುತ್ತಿದ್ದರು.

ಈ ಇಬ್ಬರು ಶಿಷ್ಯರ ದಿನಚರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಗಂಡುಹುಡುಗ ಸಂಗೀತಕ್ಕಾಗಿ ಮನೆ ಬಿಟ್ಟು ಓಡಿಹೋಗಬಹುದಿತ್ತು, ಭೀಮಸೇನರು ಹಾಗೆ ಓಡಿಯೂ ಹೋಗಿದ್ದರು. ಆ ಓಡುವಿಕೆಯೇ ಮುಂದೆ ಅವರ ಕೀರ್ತಿಯ ಕಥೆಯ ಮೊದಲ ಅಧ್ಯಾಯವಾಯಿತು. ಹೆಂಗಸು ಹಾಗೆ ಹೋದರೆ ಆ ಕಥೆಗೆ ಬೇರೆಯೇ ಹೆಸರು ಬೀಳುತ್ತಿತ್ತು. ಗಂಗೂಬಾಯಿಯವರ ಸಾಧನೆ ಹೋಗಿ ಮರಳಿ ಬರುವ ಸಾಧನೆ, ಪ್ರತಿ ಸಲವೂ ಮರಳಿ ಬಂದು ಮನೆಯ ಬಾಗಿಲು ತೆರೆಯುವ ಸಾಧನೆ.

ಕುಂದಗೋಳದಲ್ಲಿ ನಡೆಯುತ್ತಿದ್ದ ಪಾಠದ ಕ್ರಮವನ್ನೂ ಗಮನಿಸಬೇಕು. ಸವಾಯಿ ಗಂಧರ್ವರು ಹಲವು ರಾಗಗಳನ್ನು ಹೇಳಿಕೊಡುವ ಗುರುಗಳಾಗಿರಲಿಲ್ಲ. ಒಂದೇ ರಾಗದ ಒಂದೇ ಪಲುಕನ್ನು, ಅಂದರೆ ನಾಲ್ಕಾರು ಸ್ವರಗಳ ಒಂದು ಚಿಕ್ಕ ಜೋಡಣೆಯನ್ನು, ಅದು ಕಂಠದಲ್ಲಿ ಗಟ್ಟಿಯಾಗಿ ಕೂರುವ ತನಕ ಬಿಡದೆ ಹಾಡಿಸುತ್ತಿದ್ದರು. ಜಿಪುಣನು ದುಡ್ಡನ್ನು ಎಣಿಸಿ ತೆಗೆಯುವ ಹಾಗೆ ಸ್ವರವನ್ನು ಬಳಸಬೇಕೆಂಬುದು ಗುರುವಿನ ಕಟ್ಟಪ್ಪಣೆಯೆಂದು ಗಂಗೂಬಾಯಿ ಮುಂದೆ ನೆನೆಯುತ್ತಿದ್ದರು. ಈ ಜಿಪುಣತನ ಏನೆಂಬುದನ್ನು ಅವರು ಬಹುವಾಗಿ ಹಾಡಿದ ರಾಗಗಳಲ್ಲಿ ಒಂದಾದ ಮಾರವಾವನ್ನು ಹಿಡಿದು ನೋಡಬಹುದು.

ಮಾರವಾ ಸಂಜೆ ಸೂರ್ಯ ಮುಳುಗುವ ಹೊತ್ತಿನ ರಾಗ. ಇದರಲ್ಲಿ ಪಂಚಮ ಪೂರ್ತಿ ವರ್ಜ್ಯ. ಹೀಗಾಗಿ ಸಾಮಾನ್ಯವಾಗಿ ಪಂಚಮಕ್ಕೆ ಕೂಡಿಸುವ ತಂಬೂರಿಯ ಮೊದಲ ತಂತಿಯನ್ನು ಇಲ್ಲಿ ನಿಷಾದಕ್ಕೋ ಧೈವತಕ್ಕೋ ಇಳಿಸಿ ಏರಿಸಿ ಕೂಡಿಸಬೇಕಾಗುತ್ತದೆ. ತಂತಿಗೂ ಕುದುರೆಗೂ ನಡುವೆ ಇಟ್ಟ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿ ನಾದ ತುಂಬಿ ಬರುವಂತೆ ಮಾಡುವ ಈ ಕೆಲಸವೂ ಸಾಧನೆಯ ಒಂದು ಭಾಗವೇ. ಇಷ್ಟಾದ ಮೇಲೆ ಗಾಯಕಿಯ ಎದುರಿಗಿರುವ ಕಷ್ಟ ಬೇರೆ. ಎಲ್ಲ ರಾಗಗಳಿಗೂ ತವರಾದ ಷಡ್ಜಕ್ಕೆ ಈ ರಾಗದಲ್ಲಿ ಬೇಕೆಂದಾಗ ಹೋಗಿ ನಿಲ್ಲುವಂತಿಲ್ಲ. ಕೋಮಲ ರಿಷಭ ಮತ್ತು ಧೈವತಗಳ ಸುತ್ತಲೇ ತಿರುಗಾಡುತ್ತ, ಷಡ್ಜದ ಅಂಚಿನವರೆಗೆ ಹೋಗಿ ಅದನ್ನು ತಪ್ಪಿಸಿ ಹಿಂದಕ್ಕೆ ಬರಬೇಕು. ಹನ್ನೆರಡು ಮಾತ್ರೆಗಳ ವಿಲಂಬಿತ ಏಕತಾಳದಲ್ಲಿ ಒಂದು ಆವರ್ತನವೇ ಒಂದು ನಿಮಿಷದ ಹತ್ತಿರಕ್ಕೆ ಹೋಗುತ್ತದೆ. ಅಷ್ಟು ಹೊತ್ತು ಒಂದೆರಡು ಸ್ವರಗಳಲ್ಲೇ ಕೇಳುವವರನ್ನು ಹಿಡಿದಿಟ್ಟು, ಷಡ್ಜವನ್ನು ಕೈಯಲ್ಲಿ ಮುಚ್ಚಿಟ್ಟುಕೊಂಡು, ಕೊನೆಗೊಮ್ಮೆ ಅದನ್ನು ಬಿಟ್ಟುಕೊಟ್ಟಾಗ ಸಭೆಯೆಲ್ಲ ಒಟ್ಟಿಗೆ ಉಸಿರು ಬಿಡುತ್ತದೆ. ಈ ಸಂಯಮ ವೇದಿಕೆಯ ಮೇಲೆ ಹೊಳೆಯುವ ಉಪಾಯವಲ್ಲ, ನೂರಾರು ದಿನ ಅದೇ ಪಲುಕನ್ನು ಹಾಡಿ ಹಾಡಿ ಆತುರವನ್ನು ಕಂಠದಿಂದ ಹೊರಹಾಕಿದವರಿಗೆ ಒದಗುವಂಥದ್ದು. ದಿನವೂ ಹೊಸದನ್ನು ಕಲಿಯುವುದೇ ಪ್ರಗತಿಯೆಂದು ನಂಬಿರುವ ಇಂದಿನ ಸಂಗೀತ ತರಗತಿಗಳಿಗೆ ಈ ಕ್ರಮ ಒಗ್ಗದು. ಅಲ್ಲಿ ಶುಲ್ಕ ಕೊಡುವ ಪೋಷಕರಿಗೆ ವರ್ಷಕ್ಕೊಂದಿಷ್ಟು ರಾಗಗಳ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಕಂಠದ ವಿಚಾರ ಇನ್ನೂ ಬೇರೆ ಬಗೆಯದು. 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಕಂಪನಿ ಹೊರತಂದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿಸುವುದು ಎಳೆಯ, ಏರುಸ್ಥಾಯಿಯ, ಸಲೀಸಾಗಿ ಹರಿಯುವ ಹೆಣ್ಣುದನಿ. ಗಾಂಧಾರಿ ಎಂಬ ಮನೆಯ ಹೆಸರು ಗಂಗೂಬಾಯಿ ಎಂದಾದದ್ದೂ ಈ ತಟ್ಟೆಗಳ ಕಾಲದಲ್ಲಿಯೇ. ಮುಂದೆ ಗಂಟಲಿನ ತೊಂದರೆ ಕಾಣಿಸಿಕೊಂಡು, ಚಿಕಿತ್ಸೆಯ ನಂತರ ಧ್ವನಿ ಇಳಿದು, ಗಂಡಸಿನದೆಂದು ಭ್ರಮೆ ಹುಟ್ಟಿಸುವಷ್ಟು ಗಡುಸಾಯಿತು. ಇಂಪಾದ ಹೆಣ್ಣುದನಿಯೇ ಗಾಯಕಿಯ ಬಂಡವಾಳವೆಂದು ಎಲ್ಲರೂ ಎಣಿಸಿದ್ದ ಕಾಲದಲ್ಲಿ ಇದು ದುಡಿಮೆಯನ್ನೇ ಕಸಿಯಬಹುದಾಗಿದ್ದ ಪೆಟ್ಟು. ಅವರು ಹಳೆಯ ದನಿಯನ್ನು ಮರಳಿ ತರುವ ಹಟಕ್ಕೆ ಬೀಳದೆ, ಬಂದ ದನಿಗೆ ತಕ್ಕ ಗಾಯನವನ್ನು ಕಟ್ಟಿಕೊಂಡರು; ಠುಮರಿ, ಭಜನೆಗಳಂಥ ಲಘು ಪ್ರಕಾರಗಳನ್ನು ಕ್ರಮೇಣ ಬಿಟ್ಟು ಖ್ಯಾಲಿನಲ್ಲೇ, ಅಂದರೆ ರಾಗವಿಸ್ತಾರಕ್ಕೆ ಹೆಚ್ಚಿನ ಅವಕಾಶವಿರುವ ಗಾಯನ ಪ್ರಕಾರದಲ್ಲೇ, ನೆಲೆನಿಂತರು. ಆ ದನಿಗೆ ಮಂದ್ರಸ್ಥಾಯಿ ತವರಾಯಿತು. ಹಿಂದುಸ್ತಾನಿ ಗಾಯಕರು ನಸುಕಿನಲ್ಲಿ ತಂಬೂರಿ ಹಿಡಿದು ಮಂದ್ರ ಷಡ್ಜದಲ್ಲಿ ಉಸಿರು ಇರುವಷ್ಟು ಹೊತ್ತು ನಿಲ್ಲುವ ಅಭ್ಯಾಸಕ್ಕೆ ಖರಜ ಸಾಧನೆ ಎನ್ನುತ್ತಾರೆ. ಮೂರು ನಿಮಿಷದ ತಟ್ಟೆಯ ಗಾಂಧಾರಿಯ ಪಕ್ಕದಲ್ಲಿ ನಂತರದ ವರ್ಷಗಳ ಭೈರವವನ್ನೋ ಅಸಾವರಿಯನ್ನೋ ಇಟ್ಟು ಕೇಳಿದವರಿಗೆ, ದಿನದಿನದ ದುಡಿಮೆ ಒಂದು ಕಂಠವನ್ನು ಬುಡದಿಂದ ಹೇಗೆ ಮತ್ತೆ ಕಟ್ಟಬಲ್ಲದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ. 1971ರ ಪದ್ಮಭೂಷಣ, 2002ರ ಪದ್ಮವಿಭೂಷಣಗಳು ಈ ಕಂಠಕ್ಕೆ ಸಂದವು.

ಹುಬ್ಬಳ್ಳಿಯಲ್ಲಿ ರೈಲುಗಾಡಿ ಮಾಡಿದ ಕೆಲಸವನ್ನು ಮೈಸೂರಿನಲ್ಲಿ ಅರಮನೆ ಮಾಡಿತು. ಕಡೂರು ಸೀಮೆಯ ತಂಗಲಿ ತಾಂಡ್ಯದ ಲಂಬಾಣಿ ಮನೆಯಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು ಎಂಟನೆಯ ವಯಸ್ಸಿಗೆ ಆಸ್ಥಾನ ನರ್ತಕಿ ಜೆಟ್ಟಿ ತಾಯಮ್ಮನವರ ಬಳಿ ಗುರುಕುಲವಾಸಕ್ಕೆ ಸೇರಿದರು. ಜೆಟ್ಟಿ ಎಂದರೆ ಕುಸ್ತಿಯ ಪೈಲ್ವಾನ. ತಾಯಮ್ಮನವರು ಪೈಲ್ವಾನರೊಬ್ಬರ ಮಗಳು, ಗರಡಿಮನೆಯ ಕಸರತ್ತನ್ನು ಬಲ್ಲ ಸಮುದಾಯದಲ್ಲಿ ಹುಟ್ಟಿದವರು. ಮೈಸೂರು ಶೈಲಿಯ ನೃತ್ಯದಲ್ಲಿ ಅಭಿನಯಕ್ಕೆ, ಅಂದರೆ ಪದದ ಭಾವವನ್ನು ಮುಖ, ಕಣ್ಣು, ಹಸ್ತಗಳಿಂದ ತೋರುವುದಕ್ಕೆ, ವಿಶೇಷ ಪ್ರಾಶಸ್ತ್ಯ. ನೋಡುವವರಿಗೆ ಇದು ಮೈದಣಿಸದ ಕಲೆಯಂತೆ ತೋರುತ್ತದೆ. ಕಲಿಯುವವರಿಗೆ ಗೊತ್ತಿರುವುದೇ ಬೇರೆ. ಹಾಡಿನ ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ ಹಾಡುತ್ತಿರುವಾಗ ನರ್ತಕಿ ಪ್ರತಿ ಸಲವೂ ಅದೇ ಮಾತಿಗೆ ಹೊಸದೊಂದು ಭಾವವನ್ನು ತರಬೇಕು. ಇದಕ್ಕೆ ಸಂಚಾರಿ ಎಂದು ಹೆಸರು. ಅದು ಬರಬೇಕಾದರೆ ಹುಬ್ಬು ರೆಪ್ಪೆಗಳ ಕಸರತ್ತಿನ ಜೊತೆಗೆ ಕಾವ್ಯದ ಓದೂ ಬೇಕು. ಅಮರುಶತಕದ ಒಂದು ಶ್ಲೋಕವನ್ನು ಅಭಿನಯಿಸುವವಳಿಗೆ ಅದರ ಅನ್ವಯ ತಿಳಿಯದಿದ್ದರೆ ಕೈ ಆಡುತ್ತದೆ, ಕಣ್ಣು ಸುಮ್ಮನಿರುತ್ತದೆ. ವೆಂಕಟಲಕ್ಷಮ್ಮನವರ ನಿತ್ಯಪಾಠದಲ್ಲಿ ನೃತ್ಯದೊಡನೆ ಸಂಸ್ಕೃತವೂ ಸಂಗೀತವೂ ಇದ್ದದ್ದು ಈ ಕಾರಣಕ್ಕೆ.

ಗುರು ಶಿಷ್ಯೆಯರು ಸುಮಾರು 30 ವರ್ಷ ಒಟ್ಟಿಗೆ ನರ್ತಿಸಿದರು. ಅಷ್ಟು ದೀರ್ಘವಾದ ಕಲಿಕೆಯನ್ನು ಸಾಕಿದ್ದು ಅರಮನೆಯ ಸಂಬಳ ಮತ್ತು ಅರಮನೆಯ ಪಂಚಾಂಗ. 1939ರಲ್ಲಿ ವೆಂಕಟಲಕ್ಷಮ್ಮ ಆಸ್ಥಾನ ವಿದುಷಿಯಾದರು. ಸಂಸ್ಥಾನದ ಕಾಲ ಮುಗಿದ ಮೇಲೆ ಆ ಆಸರೆ ಕುಸಿಯಿತಾದರೂ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯ ವಿಭಾಗ ಆರಂಭವಾದಾಗ ಅವರು ಅದರ ಮೊದಲ ರೀಡರ್ ಆಗಿ ಒಂಬತ್ತು ವರ್ಷ ಪಾಠ ಹೇಳಿದರು. ಗುರುವಿನ ಮನೆಯಲ್ಲೇ ಇದ್ದು ಮೂರು ದಶಕಗಳಲ್ಲಿ ಪಡೆದದ್ದನ್ನು ಗಡಿಯಾರದ ಗಂಟೆಗಳಲ್ಲಿ ಕೊಡುವ ಆ ಕೆಲಸ ಅವರಿಗೆ ಹೇಗನ್ನಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಏರ್ಪಾಡು ಕುಸಿದು, ಬದಲಿ ಏರ್ಪಾಡು ಸಿಗದೆ ಹೋದರೆ ಏನಾಗುತ್ತದೆಂಬುದಕ್ಕೆ ಕನ್ನಡದ ಬರಹಲೋಕದಲ್ಲೇ ಉದಾಹರಣೆಯಿದೆ. ನಂಜನಗೂಡಿನ ತಿರುಮಲಾಂಬ (1887–1982) ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ವಕೀಲರಾಗಿದ್ದ ತಂದೆಯ ಒತ್ತಾಸೆಯಿಂದ ಓದಿ, ಬರೆದು, 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಬರೆಯುವುದು, ಕರಡು ತಿದ್ದುವುದು, ಅಚ್ಚಿಗೆ ಕಳಿಸುವುದು, ಚಂದಾದಾರರನ್ನು ಕಾಪಾಡಿಕೊಳ್ಳುವುದು, ಇಷ್ಟೂ ಕೆಲಸಗಳನ್ನು ಹೊತ್ತ ಈ ಹೆಂಗಸು ದುಡಿದಷ್ಟು ಆ ಕಾಲದ ಲೇಖಕರಲ್ಲಿ ಹೆಚ್ಚು ಮಂದಿ ದುಡಿದಿರಲಾರರು. ಹೀಗಿದ್ದೂ ಅವರ ಲೇಖನಿ ನಡುವಯಸ್ಸಿನಲ್ಲೇ ನಿಂತುಹೋಯಿತು. ಹೊಸ ಪೀಳಿಗೆಯ ವಿಮರ್ಶೆ ಅವರ ಬರವಣಿಗೆಯನ್ನು ಹಳೆಯ ಕಾಲದ್ದೆಂದು ಬದಿಗಿಟ್ಟಿತು. ಆಮೇಲೆ ದಶಕಗಳ ಕಾಲ ಅವರು ಬದುಕಿದ್ದಾರೆಂಬುದೇ ಕನ್ನಡದ ಓದುಗರ ನೆನಪಿನಲ್ಲಿರಲಿಲ್ಲ. ಶಿಸ್ತು ಹುಟ್ಟುಗುಣವೇ ಆಗಿದ್ದರೆ ತಿರುಮಲಾಂಬ ಕೊನೆಯ ತನಕ ಬರೆಯುತ್ತಿರಬೇಕಾಗಿತ್ತು. ಅವರಿಗೆ ಶಿಸ್ತು ಕಡಿಮೆಯಾಗಲಿಲ್ಲ. ಬರೆದದ್ದನ್ನು ಎದುರುನೋಡುವ ಓದುಗರು ಇಲ್ಲವಾದರು.

ಇದರ ಎದುರು ಬದಿಯಲ್ಲಿ ನಿಲ್ಲುವವರು ತೀರ್ಥಹಳ್ಳಿ ಸೀಮೆಯ ಎಂ. ಕೆ. ಇಂದಿರಾ (1917–1994). ಮನೆಗೆಲಸದಲ್ಲೇ ಬಹುಕಾಲ ಕಳೆದು, ನಲವತ್ತೈದರ ಆಸುಪಾಸಿನಲ್ಲಿ ಬರವಣಿಗೆಗೆ ಕೈಹಚ್ಚಿದ ಅವರ ‘ತುಂಗಭದ್ರಾ’ 1963ರಲ್ಲಿ ಹೊರಬಂದಿತು, ‘ಫಣಿಯಮ್ಮ’ 1976ರಲ್ಲಿ. ತಡವಾಗಿ ಆರಂಭಿಸಿದರೆಂದು ಅವರ ಬಗೆಗೆ ಎಲ್ಲರೂ ಹೇಳುವುದುಂಟು. ಆದರೆ ‘ಫಣಿಯಮ್ಮ’ದಲ್ಲಿ ಮಲೆನಾಡಿನ ಮನೆಯೊಂದರ ಅಡುಗೆ, ಮಡಿ, ಬಾಣಂತನಗಳು ಬಂದಿರುವ ಕರಾರುವಾಕ್ಕನ್ನು ಕಂಡವರಿಗೆ, ಕಾಗದದ ಮೇಲೆ ಒಂದಕ್ಷರವೂ ಮೂಡದ ಆ ದಶಕಗಳಲ್ಲಿ ನೋಡುವ, ಕೇಳುವ, ನೆನಪಿಡುವ ಅಭ್ಯಾಸ ಒಂದು ದಿನವೂ ತಪ್ಪದೆ ನಡೆದಿತ್ತೆಂಬುದು ಹೊಳೆಯದೆ ಇರದು. ಲೇಖಕಿಯ ರಿಯಾಜು ಹೊರಗಿನವರಿಗೆ ಕೇಳಿಸುವುದಿಲ್ಲ, ಅಷ್ಟೇ.

ಹುಬ್ಬಳ್ಳಿಗೆ ಮರಳಿದರೆ, ಅಂಬಾಬಾಯಿಯವರ ಮೌನದಿಂದ ಆರಂಭವಾದ ಏರ್ಪಾಡು ಗಂಗೂಬಾಯಿಯವರ ಕಾಲಕ್ಕೇ ನಿಲ್ಲಲಿಲ್ಲ. ಅವರ ಮಗಳು ಕೃಷ್ಣಾ ಹಾನಗಲ್ ಸ್ವತಃ ಪಳಗಿದ ಗಾಯಕಿ. ಆದರೂ ಅವರು ತಮ್ಮ ಹಾಡಿಕೆಯ ಬಹುಭಾಗವನ್ನು ತಾಯಿಯ ಹಿಂದೆ ಕುಳಿತು ತಂಬೂರಿ ಮೀಟುತ್ತ, ಸಹಗಾಯನ ಮಾಡುತ್ತ ಕಳೆದರು. ಖ್ಯಾಲಿನ ಕಛೇರಿಯಲ್ಲಿ ಸಹಗಾಯಕಿಯ ಕೆಲಸ ಬಹಳ ನಾಜೂಕಿನದು: ಮುಖ್ಯ ಗಾಯಕಿ ಉಸಿರಿಗೆಂದು ಬಿಟ್ಟ ಎಡೆಯಲ್ಲಿ ಸ್ವರ ಕಡಿದುಹೋಗದಂತೆ ಎತ್ತಿಕೊಳ್ಳಬೇಕು, ತನ್ನ ಕಲ್ಪನೆಯನ್ನು ಮೆರೆಸದೆ ರಾಗವನ್ನು ಅಲ್ಲೇ ಹಿಡಿದಿಟ್ಟಿರಬೇಕು, ಅವರು ಮರಳಿ ಬಂದೊಡನೆ ಜಾಗ ಬಿಟ್ಟುಕೊಡಬೇಕು. ತಾಯಿಗೆ ವಯಸ್ಸಾದಂತೆ ಈ ಎಡೆಗಳು ಹೆಚ್ಚುತ್ತ, ಉದ್ದವಾಗುತ್ತ ಹೋದವು. 2004ರಲ್ಲಿ ಕೃಷ್ಣಾ ತೀರಿಕೊಂಡರು. ಎರಡು ವರ್ಷಗಳ ನಂತರ, 2006ರಲ್ಲಿ, ತೊಂಬತ್ತು ದಾಟಿದ ತಾಯಿ ತಮ್ಮ ಕೊನೆಯ ಕಛೇರಿ ಮಾಡಿದರು. ಮಗಳು ಜೊತೆಗಿದ್ದ ವರ್ಷಗಳ ಧ್ವನಿಮುದ್ರಿಕೆಗಳಲ್ಲಿ ತಾಯಿಯ ಗಡುಸಾದ ದನಿ ಮಂದ್ರದ ಒಂದು ಸ್ವರದಲ್ಲಿ ನಿಂತು ನಿಲ್ಲುವಾಗ, ಆ ಸ್ವರ ಇನ್ನೂ ಗಾಳಿಯಲ್ಲಿರುವಂತೆಯೇ, ತುಸು ತೆಳುವಾದ ಇನ್ನೊಂದು ದನಿ ಅದನ್ನು ಅಲ್ಲಿಂದಲೇ ಎತ್ತಿಕೊಳ್ಳುವುದು ಕೇಳಿಸುತ್ತದೆ. ಎರಡರ ನಡುವಿನ ಕೂಡಿಕೆ ಎಲ್ಲಿದೆಯೆಂದು ಹುಡುಕಲು ಮುದ್ರಿಕೆಯನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಬೇಕಾಗುತ್ತದೆ.